ತಮ್ಮನ ಗುಳಿಗೆಯಿಂದ ತೂಕ ಏರುತ್ತಿದೆ, ಡಾಕ್ಟರ್ ಹತ್ತಿರ ಏನು ಕೇಳಲಿ?

ನವನಗರದ ಅಕ್ಕ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 26 ವರ್ಷ. ಹೋದ ವರ್ಷ ಊಟದಲ್ಲಿ ವಿಷ ಹಾಕಿದ್ದಾರೆ ಅನ್ನೋ ಸಂಶಯ ಅವನ ತಲೆಗೆ ಹೊಕ್ಕಿತು. ಅವ್ವ ಬಡಿದ ರೊಟ್ಟಿಯನ್ನು ಮೂಸಿ ನೋಡಿ ತಾಟು ಸರಿಸುತ್ತಿದ್ದ. ತೂಕ 54 ಕೆಜಿಗೆ ಇಳಿಯಿತು. ಪ್ಯಾಂಟು ನಿಲ್ಲಲಿಲ್ಲ ಅಂತ ಮೊಳೆ ಕಾಯಿಸಿ ಅವನ ಬೆಲ್ಟಿಗೆ ನಾನೇ ಎರಡು ತೂತು ಹಾಕಿಕೊಟ್ಟಿದ್ದೆ. ಡಾಕ್ಟರ್ ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಕಾಯಿಲೆ ಅಂದರು. ರಾತ್ರಿಗೆ ಒಲಾಂಜಪಿನ್ ಬರೆದರು, ಈಗ 15 ಮಿಲಿಗ್ರಾಂ ನಡೆದಿದೆ. ಆ ಗುಳಿಗೆಯಿಂದಲೇ ಅವನು ನಮಗೆ ತಿರುಗಿ ಸಿಕ್ಕ. ಗುಳಿಗೆ ಬೈಯಲು ನಾನು ಬಂದಿಲ್ಲ.

ಆದರೆ ಏಳು ತಿಂಗಳಲ್ಲಿ ತೂಕ 71 ಆಗಿದೆ. ಅದೇ ಬೆಲ್ಟು ಈಗ ಕೊನೇ ತೂತಿಗೂ ಬರುವುದಿಲ್ಲ. ಒಂದು ರಾತ್ರಿ ನೀರಿಗೆ ಅಂತ ಎದ್ದಾಗ, ಲೈಟ್ ಹಾಕದೆ ರೊಟ್ಟಿ ಬುಟ್ಟಿ ಮುಂದೆ ಕೂತಿದ್ದ. ಕಡಕ್ ರೊಟ್ಟಿ ಮುರಿದರೆ ಸಪ್ಪಳ ಆಗುತ್ತದಲ್ಲ, ಅದಕ್ಕೆ ಟವೆಲ್ಲಿನಲ್ಲಿ ಸುತ್ತಿ ಮುರಿಯುತ್ತಿದ್ದ. ಪಕ್ಕದಲ್ಲಿ ಶೇಂಗಾ ಹಿಂಡಿ ಡಬ್ಬಿ. "ಅಕ್ಕಾ, ಹೊಟ್ಟಿ ತುಂಬಿದ್ದ ಗೊತ್ತಾಗೂದಿಲ್ಲ" ಅಂದ. ನನಗೆ ಬಾಯಿಂದ ಮಾತೇ ಬರಲಿಲ್ಲ.

ಅವ್ವನಿಗೆ ಹೇಳಿದರೆ ಅಳುತ್ತಾಳೆ. ಒಂದು ತುತ್ತು ತಿನ್ನಪ್ಪಾ ಅಂತ ಅವನ ಮುಂದೆ ಕೈಮುಗಿದು ಕೂತಿದ್ದವಳು. ಈಗ ಅದೇ ಕೈಯಿಂದ ತಾಟು ಹೇಗೆ ಎಳೆಯಲಿ ಅಂತಾಳೆ. ಓಣಿಯವರು "ಮೈ ತುಂಬ್ಯಾನ, ಆರಾಮ ಆಗ್ಯಾನ" ಅಂತ ಖುಷಿ ಪಡುತ್ತಾರೆ. ಅವನು ಮಾತ್ರ ಕನ್ನಡಿ ಮುಂದೆ ನಿಲ್ಲುವುದಿಲ್ಲ, ಗುಳಿಗೆ ಬಿಡ್ತೀನಿ ಅಂತಿದ್ದಾನೆ. ಮೊನ್ನೆ ಖಾಲಿ ಹೊಟ್ಟೆಯ ಶುಗರ್ 118 ಬಂತು. ಅಪ್ಪನಿಗೂ ಶುಗರ್ ಇದೆ. ನನಗೆ ಹೆದರಿಕೆ ಆಗಿದೆ.

ವಿಜಯಪುರದಿಂದ

ಅಕ್ಕಾರ, ಇದೇ ಗುಳಿಗೆ ನುಂಗಿದವನು ನಾನು. ಅದು ಹೊಟ್ಟೆಬಾಕತನ ಅಲ್ಲ ಅಂತ ಮೊದಲು ತಮ್ಮನಿಗೆ ಹೇಳಿ. ನನಗೆ ಊಟ ಮಾಡಿ ಕೈ ತೊಳೆಯುವಾಗಲೇ ಮತ್ತೆ ಹಸಿವಾಗುತ್ತಿತ್ತು. ಮನೆಯವರು ಬಾಯಿ ಕಟ್ಟು ಅಂದಷ್ಟೂ ಕದ್ದು ತಿನ್ನುವುದು ಜಾಸ್ತಿ ಆಯಿತು.

ನಾನು ಯಾರಿಗೂ ಹೇಳದೆ ಗುಳಿಗೆ ಬಿಟ್ಟಿದ್ದೆ. ಮೂರು ವಾರ ಏನೂ ಆಗಲಿಲ್ಲ, ನಾನು ಗೆದ್ದೆ ಅಂದುಕೊಂಡೆ. ಐದನೇ ವಾರ ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಡಾಕ್ಟರೇ ಒಲಾಂಜಪಿನ್ ಸ್ವಲ್ಪ ಸ್ವಲ್ಪ ಇಳಿಸುತ್ತಾ ಅರಿಪಿಪ್ರಜೋಲ್ ಅನ್ನೋ ಬೇರೆ ಗುಳಿಗೆ ಏರಿಸಿದರು. ಶುರುವಿಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಮಾಳಿಗೆ ಮೇಲೆ ಸುಮ್ನೆ ಅಡ್ಡಾಡುತ್ತಿದ್ದೆ. ಅದನ್ನೂ ಹೇಳಿದೆ, ಡೋಸ್ ಸರಿ ಮಾಡಿದರು. ವರ್ಷದಲ್ಲಿ 9 ಕೆಜಿ ಇಳಿಯಿತು. ಬದಲಿಸಿದ ಗುಳಿಗೆ ಎಲ್ಲರಿಗೂ ಹೊಂದುವುದಿಲ್ಲ, ಆದರೆ ಬೇರೆ ದಾರಿ ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ ಅಲ್ವಾ?

ನರ್ಸ್, ಬೆಳಗಾವಿ

ತಂಗಿ, 118 ಇನ್ನೂ ಸಕ್ಕರೆ ಕಾಯಿಲೆ ಅಲ್ಲ. 100ರಿಂದ 125ರವರೆಗೆ ಅದರ ಹೊಸ್ತಿಲು, 126 ಮುಟ್ಟಿದರೆ ಕಾಯಿಲೆ. ಅದನ್ನೂ ಎರಡನೇ ಸಲ ಪರೀಕ್ಷೆ ಮಾಡಿಯೇ ಹೇಳುತ್ತಾರೆ. ನೀವು ಸರಿಯಾದ ಹೊತ್ತಿಗೆ ನೋಡಿದ್ದೀರಿ.

ಒಲಾಂಜಪಿನ್ ಮಿದುಳಿನಲ್ಲಿ ಹಿಸ್ಟಮಿನ್, ಸೆರೊಟೋನಿನ್‌ನ ಕೆಲವು ಸಂಕೇತಗಳನ್ನು ತಡೆಯುತ್ತದೆ. ಹೊಟ್ಟೆ ತುಂಬಿತು ಅನ್ನೋ ಸುದ್ದಿ ಅದಕ್ಕೇ ಸರಿಯಾಗಿ ಮುಟ್ಟುವುದಿಲ್ಲ. ತೂಕ ಏರಿಸುವುದರಲ್ಲಿ ಇದು ಮತ್ತು ಕ್ಲೋಜಪಿನ್ ಅನ್ನೋ ಇಂಥದ್ದೇ ಇನ್ನೊಂದು ಗುಳಿಗೆ ಎಲ್ಲಕ್ಕಿಂತ ಮುಂದೆ. 2004ರಲ್ಲೇ ಅಮೆರಿಕದ ಮಧುಮೇಹ ಮತ್ತು ಮನೋವೈದ್ಯರ ಸಂಘಗಳು ಸೇರಿ ಹೇಳಿದ್ದವು: ಗುಳಿಗೆ ಶುರುವಾದ 4, 8, 12ನೇ ವಾರ ತೂಕ ನೋಡಿ, ಮೊದಲಿದ್ದ ತೂಕಕ್ಕಿಂತ 5% ಏರಿದರೆ ಗುಳಿಗೆ ಬದಲಿಸುವ ಯೋಚನೆ ಮಾಡಿ ಅಂತ. ನಿಮ್ಮ ತಮ್ಮನ ಲೆಕ್ಕದಲ್ಲಿ ಅದು 3 ಕೆಜಿಯೂ ಅಲ್ಲ. ಅವನು ಸೊರಗಿದ್ದವನು, ಸ್ವಲ್ಪ ಏರಬೇಕಿತ್ತು ನಿಜ. ಆದರೂ 17 ಕೆಜಿ ಏರುವವರೆಗೆ ಯಾರೂ ತಕ್ಕಡಿ ಮೇಲೆ ನಿಲ್ಲಿಸಿಲ್ಲ ಅಂದರೆ ನನಗೆ ಸಂಕಟ ಆಗುತ್ತದೆ.

ಹೋಗುವಾಗ ತೂಕ ಬರೆದ ಚೀಟಿ, ಶುಗರ್ ರಿಪೋರ್ಟ್, ಅಪ್ಪನ ವಿಷಯ ಮರೆಯಬೇಡಿ. ಹೊಕ್ಕಳ ಹತ್ತಿರ ಟೇಪ್ ಹಿಡಿದು ಸುತ್ತಳತೆ ನೋಡಿ, ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್ ಕೂಡ ನೋಡಿಸಿ. ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಸೇರಿಸಬಹುದಾ ಅಂತ ಕೇಳಿ, ಶುಗರ್ ಇಲ್ಲದವರಿಗೂ ತೂಕಕ್ಕಾಗಿ ಕೊಡುತ್ತಾರೆ. ಕಿಡ್ನಿ ಪರೀಕ್ಷೆ ಮಾಡಿಯೇ ಕೊಡಬೇಕು. ಬುಟ್ಟಿಗೆ ಬೀಗ ಹಾಕಬೇಡಿ. ರಾತ್ರಿಗೆ ಸವತೆಕಾಯಿ, ಗಜ್ಜರಿ, ಮಜ್ಜಿಗೆ ಕೈಗೆ ಸಿಗುವಂತಿಡಿ, ಥಂಡಾ ಬಾಟಲಿ ಮನೆಗೆ ತರಬೇಡಿ. ನಡುರಾತ್ರಿ ಅವನು ಗುಳಿಗೆ ಬಿಡುವ ಹಟಕ್ಕೆ ಬಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನವನಗರದ ಅಕ್ಕ, ಬಾಗಲಕೋಟೆ

ನಿನ್ನೆ ಹೋಗಿ ಬಂದೆವು. ಸುತ್ತಳತೆ 94. ಡಾಕ್ಟರ್ ಮೆಟ್‌ಫಾರ್ಮಿನ್ 500 ಊಟದ ಜೊತೆ ಶುರು ಮಾಡಿದ್ದಾರೆ. ಒಲಾಂಜಪಿನ್ ಈಗಲೇ ಮುಟ್ಟುವುದಿಲ್ಲ, ಎರಡು ತಿಂಗಳು ನೋಡಿ ಬದಲಿಸೋಣ ಅಂದರು. ವಿಜಯಪುರದ ಅಣ್ಣಾರ, ನೀವು ಬರೆದಿದ್ದನ್ನು ತಮ್ಮ ಎರಡು ಸಲ ಓದಿದ. ಐದನೇ ವಾರದಲ್ಲಿ ಏನಾಯಿತು ಅಂತ ನಿಮ್ಮನ್ನೇ ಕೇಳಬೇಕಂತೆ. ರಾತ್ರಿ ಗುಳಿಗೆ ತಾನೇ ಕೇಳಿ ತಗೊಂಡ. ಅವ್ವ ಬುಟ್ಟಿ ಪಕ್ಕ ಒಂದು ತಂಬಿಗೆ ಮಜ್ಜಿಗೆ ಇಟ್ಟು ಮಲಗಿದಳು.