ಈ ಕಪಾಟಿನ ಪುಸ್ತಕ ಯಾರೂ ಮುಟ್ಟುತ್ತಿಲ್ಲ, ಏನು ಮಾಡಲಿ?

ಡೊಂಬಿವಲಿಯಿಂದ ಪ್ರಶ್ನೆ:
ನಮ್ಮ ಬಡಾವಣೆಯ ಕನ್ನಡ ವಾಚನಾಲಯವನ್ನು ಭಾನುವಾರ ನಾನೇ ನೋಡಿಕೊಳ್ಳುತ್ತೇನೆ. ಮುಸ್ಲಿಂ, ಕ್ರೈಸ್ತ, ದಲಿತ ಲೇಖಕರ ಕಥೆ, ಕಾದಂಬರಿಗಳನ್ನೆಲ್ಲ ಸೇರಿಸಿ ಬೇರೆ ಕಪಾಟು ಮಾಡಿದೆ. ಮೇಲೆ ಚೀಟಿಯನ್ನೂ ಅಂಟಿಸಿದೆ. ಮೂರು ತಿಂಗಳಲ್ಲಿ ಹೋಗಿದ್ದು ಎರಡೇ ಪುಸ್ತಕ. ಜನ ಬರುತ್ತಾರೆ, ಚೀಟಿ ಓದುತ್ತಾರೆ, ಪಕ್ಕದ ಕಪಾಟಿಗೆ ಹೋಗುತ್ತಾರೆ. ಲೈಬ್ರರಿ ನಡೆಸಿದವರು, ಓದುವವರು ನಿಮ್ಮ ಅನುಭವ ಹೇಳಿ.

ಮಾಟುಂಗಾದಿಂದ:
ಮೊದಲು ಆ ಚೀಟಿ ಕಿತ್ತು ಹಾಕಿ ಅಕ್ಕಾ. ನಾನೂ ಇದೇ ತಪ್ಪು ಮಾಡಿದ್ದೆ. ಚೀಟಿ ನೋಡಿದ ಕೂಡಲೇ ಜನರಿಗೆ ಇದು ಪಾಠದ ಪುಸ್ತಕ ಅನ್ನಿಸುತ್ತದೆ. ‘ಇದು ನಮಗಲ್ಲ’ ಅಂತಲೂ ಅನ್ನಿಸುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಅಲ್ಲದೆ, ನಾ. ಡಿಸೋಜರ ‘ದ್ವೀಪ’ವನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ? ಬರೆದವರು ಕ್ರೈಸ್ತರು. ಕಥೆ ಇರುವುದು ಅಣೆಕಟ್ಟಿನ ನೀರು ಏರುತ್ತಾ ಬಂದರೂ ಮನೆ ಬಿಡಲಾರದ ಒಂದು ಹಿಂದೂ ಕುಟುಂಬದ್ದು. ಸಾಗರದ ಕಡೆಯ ಹಿರಿಯರೊಬ್ಬರಿಗೆ ಅದನ್ನು ಕೊಡುವಾಗ ‘ಶರಾವತಿ ಮುಳುಗಡೆಯ ಕಥೆ’ ಅಂದೆ, ಬೇರೇನೂ ಹೇಳಲಿಲ್ಲ. ಅವರ ಅಜ್ಜನ ತೋಟ ಆ ನೀರಿನಲ್ಲೇ ಹೋಗಿತ್ತಂತೆ. ಮುಂದಿನ ವಾರ ಬಂದು, ‘ಇವರದು ಇನ್ನೇನಿದೆ?’ ಅಂತ ಕೇಳಿದರು. ಬರೆದವರು ಯಾವ ಧರ್ಮದವರು ಅನ್ನುವ ಮಾತೇ ಬರಲಿಲ್ಲ.

ಈಗ ಎಲ್ಲ ಪುಸ್ತಕಗಳನ್ನೂ ಅಕಾರಾದಿಯಾಗಿ ಒಟ್ಟಿಗೆ ಇಟ್ಟಿದ್ದೇನೆ. ಕೊಡುವಾಗ ಕಥೆಯ ಒಂದು ಎಳೆ ಹೇಳುತ್ತೇನೆ. ದೇವನೂರ ಮಹಾದೇವರ ‘ಒಡಲಾಳ’ ಕೊಡುವಾಗ, ‘ಸಾಕವ್ವ ಅನ್ನೋ ಮುದುಕಿಯ ಹುಂಜ ಕಳೆದುಹೋಗಿದೆ, ಹುಡುಕ್ತಾ ಇದ್ದಾಳೆ’ ಅಂದೆ. ವಿಜಯಪುರದ ಕಡೆಯ ಹೆಂಗಸೊಬ್ಬರು ನಗುತ್ತಾ ತೆಗೆದುಕೊಂಡು ಹೋದರು. ವಾಪಸ್ ಕೊಡಲು ಬಂದಾಗ ನಗು ಇರಲಿಲ್ಲ. ಮನೆಯವರೆಲ್ಲ ರಾತ್ರಿ ಕೂತು ಕಡಲೆಕಾಯಿ ತಿನ್ನುವ ಜಾಗವನ್ನು ಮೂರು ಸಲ ಓದಿದರಂತೆ. ‘ಆ ಮನಿ ನಮ್ಮ ಓಣ್ಯಾಗೂ ಐತ್ರಿ’ ಅಂದರು. ಅಷ್ಟು ಹೇಳಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು.

ಭಾಷೆ ಕಷ್ಟ ಅಂತ ವಾಪಸ್ ಕೊಡುವವರೂ ಇದ್ದಾರೆ. ‘ಒಡಲಾಳ’ದ ನಂಜನಗೂಡು ಸೀಮೆಯ ಮಾತು ಕರಾವಳಿಯವರಿಗೆ ತೊಡಕಾಗುತ್ತದೆ. ಅಂಥವರಿಗೆ ಎರಡು ಪುಟ ಗಟ್ಟಿಯಾಗಿ ಓದಿ ಕೇಳಿಸಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಮೀರಾ ರೋಡ್‌ನಿಂದ:
ಮಾಟುಂಗಾದ ಅಣ್ಣ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಬ್ಯಾರಿ, ಅಂದರೆ ಕರಾವಳಿ ಕಡೆಯ ಮುಸ್ಲಿಂ. ಮದುವೆಯಾಗಿ ಮುಂಬೈಗೆ ಬಂದ ಹೊಸತರಲ್ಲಿ ಒಂದು ಲೈಬ್ರರಿಯಲ್ಲಿ ಅಂಥದೇ ಚೀಟಿ ಇತ್ತು. ಅದು ಇದ್ದಿದ್ದಕ್ಕೇ ನನಗೆ ಬೊಳುವಾರು ಮಹಮದ್ ಕುಂಞಿಯವರ ಕಥೆಗಳು ಸಿಕ್ಕವು. ಆ ಕಥೆಗಳಲ್ಲಿ ಬರುವ ಮುತ್ತುಪ್ಪಾಡಿ ಬೊಳುವಾರರು ಕಲ್ಪಿಸಿದ ಊರು, ನಿಜ. ಆದರೆ ಅಲ್ಲಿಯ ಜನ ನಮ್ಮ ಮನೆ ಜಗಲಿಯ ಮೇಲೆ ಕೂತವರ ಹಾಗೇ ಇದ್ದರು. ನಮ್ಮಂಥವರ ಮನೆ ಕನ್ನಡ ಪುಸ್ತಕದಲ್ಲಿ ಇರುತ್ತದೆ ಅಂತ ಅವತ್ತಿನವರೆಗೆ ನನಗೆ ಗೊತ್ತೇ ಇರಲಿಲ್ಲ. ಹಾಗಾಗಿ ಚೀಟಿ ತೆಗೆಯಿರಿ, ಆದರೆ ಮೇಜಿನ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಪಟ್ಟಿ ಇಡಿ. ಹುಡುಕಿಕೊಂಡು ಬಂದವರಿಗೆ ಸಿಗಲಿ.

ಇನ್ನೊಂದು ವಿಷಯ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದ ಒಬ್ಬರು ‘ನಿಮ್ಮಲ್ಲಿ ಹೀಗೇನಾ?’ ಅಂತ ನನ್ನನ್ನೇ ಕೇಳಿದರು. ತುಂಬಾ ನೋವಾಯಿತು. ಅದು ನಾದಿರಾಳ ಕಥೆ. ಅಪ್ಪನ ಹಠಕ್ಕೆ ಅವಳ ಸಂಸಾರ ಮುರಿಯುತ್ತದೆ. ನಾನು, ‘ಅಂಥ ಅಪ್ಪ ನಿಮ್ಮ ಕಡೆ ಇಲ್ವಾ?’ ಅಂದೆ. ಸುಮ್ನೆ ಕೂತರು. ಆಮೇಲೆ ತಮ್ಮ ಚಿಕ್ಕಮ್ಮನ ಕಥೆ ಹೇಳಿದರು, ಒಂದು ಗಂಟೆ. ಪುಸ್ತಕ ಕೊಡುವಾಗ ‘ಅವರಲ್ಲಿ ಹೇಗಿದೆ ನೋಡಿ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ನಮ್ಮಂಥವರು ಬಂದರೆ ಬರೀ ನಮ್ಮವರ ಪುಸ್ತಕವನ್ನೇ ತೆಗೆದುಕೊಡಬೇಡಿ. ನನಗೆ ಯಶವಂತ ಚಿತ್ತಾಲರ ಕಾದಂಬರಿಗಳೂ ಬೇಕು.

ಪುಣೆಯಿಂದ:
2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತಲ್ಲ, ಆಗ ನಮ್ಮಲ್ಲಿ ಅವರ ಪುಸ್ತಕ ಕೇಳುವವರು ಜಾಸ್ತಿಯಾದರು. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಕೂಡ ತರಿಸಿದೆವು. ಅದರಲ್ಲಿ 12 ಕಥೆಗಳಿವೆ. ನನ್ನ ಮಗಳು ಇಂಗ್ಲಿಷಿನಲ್ಲಿ ಓದಿದಳು, ನಾನು ಕನ್ನಡದಲ್ಲಿ. ನಾವಿಬ್ಬರೂ ಒಂದೇ ಕಥೆ ಓದಿ ಮಾತಾಡಿದ್ದು ಅದೇ ಮೊದಲು.

ವಾಸ್ಕೋದಿಂದ:
‘ದ್ವೀಪ’ದ ಮಾತು ಬಂತಲ್ಲ, ಇಲ್ಲಿ ಗೋವಾದಲ್ಲಿ ಅದಕ್ಕೆ ಉಲ್ಟಾ ಇದೆ. ದಾಮೋದರ ಮಾವಜೋ ಅವರ ಕೊಂಕಣಿ ಕಾದಂಬರಿ ‘ಕಾರ್ಮೆಲಿನ್’ ಗಲ್ಫಿಗೆ ದುಡಿಯಲು ಹೋದ ಕ್ರೈಸ್ತ ಹೆಣ್ಣಿನದು, ಬರೆದವರು ಹಿಂದೂ. ಅದನ್ನು ಓದು ಅಂತ ನನಗೆ ಹೇಳಿದ್ದು ಗಲ್ಫಿನಲ್ಲಿ ದುಡಿದು ಬಂದ ಪಕ್ಕದ ಮನೆಯ ಆಂಟಿ. ಅವರು ಹೇಳಿದ್ದಕ್ಕೇ ಓದಿದೆ. ನಿಮ್ಮ ಓದುಗರಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ, ಅವರ ಕೈಯಲ್ಲೇ ಹೇಳಿಸಿ.

ಡೊಂಬಿವಲಿಯಿಂದ:
ಎಲ್ಲರಿಗೂ ಧನ್ಯವಾದ. ಚೀಟಿ ತೆಗೆದೆ, ನೋಟ್‌ಬುಕ್ ಇಟ್ಟೆ. ಈ ಭಾನುವಾರ ಸಾಕವ್ವನ ಹುಂಜದ ಮಾತು ಹೇಳಿದ್ದಕ್ಕೆ ‘ಒಡಲಾಳ’ ಹೋಯಿತು. ‘ದ್ವೀಪ’ ನಮ್ಮಲ್ಲಿ ಇಲ್ಲ. ಯಾರ ಹತ್ತಿರವಾದರೂ ಎರಡು ಪ್ರತಿ ಇದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.