ಪೇಢೆಯ ದರಕ್ಕೆ ಕಟ್ಟಿದ ಮಿರ್ಚಿ

ಧಾರವಾಡದ ಲೈನ್ ಬಜಾರಿನ ಕಟ್ಟೆಯ ಮೇಲೆ ಕುಳಿತ ಆಟೋ ಗೆಳೆಯನು, ನಮ್ಮದೇ ನೆಲದಿಂದ ತೆಗೆದ ಅನಿಲಕ್ಕೆ ಡಾಲರಿನಲ್ಲಿ ಬೆಲೆ ಕಟ್ಟುವುದೇಕೆ ಎಂದು ಕೇಳಿಬಿಟ್ಟನು. ಪ್ರಶ್ನೆಯೊಂದು ಸಿಕ್ಕರೆ ನಿವೃತ್ತ ಮಾಸ್ತರರು ಸಂಬಳವಿಲ್ಲದೆಯೂ ತರಗತಿ ನಡೆಸುತ್ತಾರೆಂಬುದು ಗೊತ್ತಿದ್ದ ನಾವು ಅವನ ಬಾಯಿ ಮುಚ್ಚಿಸುವಷ್ಟರಲ್ಲಿ ಅವರು ಕನ್ನಡಕ ಏರಿಸಿಯಾಗಿತ್ತು.

“ತಮ್ಮಾ, ಕಡಲೆಹಿಟ್ಟಿನ ಖರ್ಚನ್ನಾಗಲಿ ಎಣ್ಣೆಯ ಖರ್ಚನ್ನಾಗಲಿ ನೋಡದೆ, ಒಂದು ಪ್ಲೇಟು ಮಿರ್ಚಿಯ ದರವು ಹಿಂದಿನ ತಿಂಗಳ ಪೇಢೆಯ ಸರಾಸರಿ ದರದ ಶೇ. 10 ಎಂದು ಯಾರೋ ನಿಗದಿಪಡಿಸಿದರು ಎಂದುಕೋ. ಅನಿಲದ ಬೆಲೆಯನ್ನು ಪರಿಶೀಲಿಸಿದ ಕಿರೀಟ್ ಪಾರಿಖ್ ಸಮಿತಿಯ ವರದಿಯ ನಂತರ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಇಂಥದ್ದೇ ಸೂತ್ರವನ್ನು. ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾದ ಹಳೆಯ ಬಾವಿಗಳ ಅನಿಲಕ್ಕೆ, ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆಯ ಶೇ. 10. ಆದರೆ ಅದು ಅನಿಲದ ಶಾಖವನ್ನು ಅಳೆಯುವ ಮಾನವಾದ ಎಂಎಂಬಿಟಿಯು ಒಂದಕ್ಕೆ 4 ಡಾಲರಿಗಿಂತ ಇಳಿಯಬಾರದು, 6.5 ಡಾಲರನ್ನು ದಾಟಬಾರದು.”

“ದಾಟಬಾರದೆಂದ ಮೇಲೆ ತಕರಾರಿಗೆ ಆಸ್ಪದವೆಲ್ಲಿದೆ?” ಎಂದರು ವಕೀಲರು, ತುಸು ನಿರಾಶೆಯಿಂದ.

“ಮೊದಲ ತಿಂಗಳೇ ಸೂತ್ರದ ಲೆಕ್ಕ 7.92 ಡಾಲರಿಗೆ ಬಂದಿತ್ತು, ಮಿತಿ ಇದ್ದುದರಿಂದ 6.5ಕ್ಕೆ ನಿಂತಿತು. ಎರಡು ವರ್ಷದ ಬಳಿಕ, 2025ರಲ್ಲಿ, ಮಿತಿಯು 6.75 ಆಯಿತು. ಈ ಸೂತ್ರಕ್ಕೂ ಮೊದಲು ಅಮೆರಿಕ, ಬ್ರಿಟನ್, ಕೆನಡಾ, ರಷ್ಯಾಗಳ ದರ ನೋಡಿ ಆರು ತಿಂಗಳಿಗೊಮ್ಮೆ ಬೆಲೆ ಕಟ್ಟುತ್ತಿದ್ದಾಗ ಅದು 8.57ಕ್ಕೆ ಏರಿತ್ತು. ಈಗಿನ ತೊಂದರೆ ಬೆಲೆಯದಲ್ಲ, ಬಾಣಲೆಯದು. ಅಗ್ಗದ ಮಿರ್ಚಿ ಎಲ್ಲರಿಗೂ ಸಾಲುವುದಿಲ್ಲ. ವಾಹನ ಮತ್ತು ಮನೆಯ ಒಲೆಗಳಿಗೆ ಮೊದಲ ಆದ್ಯತೆ ಇದ್ದರೂ, 2024ರ ಅಕ್ಟೋಬರ್, ನವೆಂಬರ್‌ಗಳಲ್ಲಿ ಅವುಗಳ ಪಾಲನ್ನೇ ಕಡಿತಗೊಳಿಸಿದರು. ಕೊರತೆಯನ್ನು ತುಂಬಲು ಕಚ್ಚಾ ತೈಲದ ಬೆಲೆಯ ಶೇ. 12ರ ಲೆಕ್ಕದ ಹೊಸ ಬಾವಿಗಳ ಅನಿಲ ಬೇಕು, ಇಲ್ಲವೇ ಹಡಗಿನಲ್ಲಿ ಬರುವ ದ್ರವೀಕೃತ ಅನಿಲ ಬೇಕು.”

ಹಡಗಿನ ಮಾತಿಗೆ ಕತಾರ್ ಬಂದಿತು. ದ್ರವೀಕೃತ ಅನಿಲವನ್ನು ಆಮದು ಮಾಡುವ ಪೆಟ್ರೋನೆಟ್ ಸಂಸ್ಥೆಯು ವರ್ಷಕ್ಕೆ 75 ಲಕ್ಷ ಟನ್ ಕೊಳ್ಳುವುದಾಗಿ 1999ರಲ್ಲಿ ಮಾಡಿಕೊಂಡ ಕರಾರು 2028ಕ್ಕೆ ಮುಗಿಯಬೇಕಿತ್ತು, 2024ರಲ್ಲಿ ಅದನ್ನು 2048ರವರೆಗೆ ವಿಸ್ತರಿಸಿದರು. ಈ ಕರಾರಿನ ಮುಂದೆ ಮಾಸ್ತರರ ಜೀವವಿಮೆಯೂ ಗಿಡ್ಡದಾಗಿ ಕಾಣುತ್ತದೆ. ಆದರೂ 2022ರಲ್ಲಿ ರಷ್ಯಾದ ಗಾಜ್‌ಪ್ರಾಮ್‌ನ ಹಳೆಯ ಜರ್ಮನ್ ಅಂಗಸಂಸ್ಥೆಯಿಂದ ನಮ್ಮ ಸರ್ಕಾರಿ ಅನಿಲ ಕಂಪನಿ ಗೇಲ್‌ಗೆ ಬರಬೇಕಾದ ಸರಕು ನಿಂತಾಗ ಬಿಡಿ ಖರೀದಿಯ ಬೆಲೆ ಎಲ್ಲಿಗೆ ಹೋಗಿತ್ತೆಂದು ನೆನೆದರೆ, ಉದ್ದದ ಕರಾರೇ ಮೇಲೆಂದು ನನಗೆ ಅನಿಸುತ್ತದೆ.

“ಪೇಢೆ ಅಗ್ಗವಾದರೆ ನನ್ನ ಪಂಪಿನಲ್ಲಿ ದರ ಇಳಿಯುತ್ತದೆಯೇ?” ಎಂದು ಗೆಳೆಯನು ಕೇಳಿದನು.

ವಕೀಲರು ಪೆನ್ನು ತೆಗೆದರು. “ಇಳಿಯದಿದ್ದರೆ ದಾವೆ ಹೂಡೋಣ. ಮಾಸ್ತರರೇ, ಪ್ರತಿವಾದಿ ಯಾರು? 2006ರ ಕಾಯ್ದೆಯ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯೇ?”

“ಮಂಡಳಿಯು ಕೊಳವೆಯ ಸಾಗಣೆ ಶುಲ್ಕವನ್ನು ಗೊತ್ತುಮಾಡುತ್ತದೆ, ಪಂಪಿನ ದರವನ್ನಲ್ಲ. ಸೂತ್ರ ಕೇಂದ್ರದ್ದು. ಅನಿಲ ಇನ್ನೂ ಜಿಎಸ್‌ಟಿಯ ಹೊರಗಿರುವುದರಿಂದ ವ್ಯಾಟ್ ರಾಜ್ಯದ್ದು. ಪಂಪಿನ ದರ ಮಾರುವ ಕಂಪನಿಯದು.”

“ಹಾಗಾದರೆ ಪ್ರತಿವಾದಿಗಳು ನಾಲ್ವರು,” ಎಂದು ವಕೀಲರು ಹಿಗ್ಗಿದರು. “ನಾಲ್ಕು ನೋಟಿಸು, ನಾಲ್ಕು ಪ್ರತಿ, ಟೈಪಿಂಗು, ನನ್ನ ಫೀ ಬೇರೆ.”

ಗೆಳೆಯನು ಬೆರಳೆಣಿಸಿ, ಅಷ್ಟು ಹಣದಲ್ಲಿ ಎಷ್ಟು ಸಲ ಟ್ಯಾಂಕು ತುಂಬಿಸಬಹುದೆಂದು ಲೆಕ್ಕಹಾಕಿ, ಸಾಲು ಬೆಳೆಯುವ ಮುನ್ನ ಪಂಪಿಗೆ ಹೊರಟುಹೋದನು.