ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ನೀರು ಇಳಿದಿದೆ: ಆಸಿಡ್ ಹಾಕಿಸಬೇಕೇ, ಬರೀ ನೀರು ಸಾಕೇ?

ಪ್ರಶ್ನೆ (ಚಿಂತಾಮಣಿ ಕಡೆಯ ರೈತ):

ಎಲ್ಲರಿಗೂ ನಮಸ್ಕಾರ. ರಾಗಿ ಒಕ್ಕಣೆ ಮುಗಿದ ಮೇಲೆ ನಮ್ಮ ಟ್ರ್ಯಾಕ್ಟರ್ ಹೆಚ್ಚುಕಡಿಮೆ ಶೆಡ್ಡಿನಲ್ಲೇ ನಿಂತಿತ್ತು. ಮುಂಗಾರಿನ ಉಳುಮೆಗೆಂದು ಈಗ ಹೊರಗೆ ತೆಗೆಯಲು ಹೋದರೆ ಸೆಲ್ಫ್ ಎತ್ತುತ್ತಿಲ್ಲ. ಬ್ಯಾಟರಿ 12 ವೋಲ್ಟಿನದು, ಮೇಲೆ ಆರು ಮುಚ್ಚಳಗಳಿವೆ. ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ಐದು ಸೆಲ್‌ಗಳಲ್ಲಿ ನೀರು ಪ್ಲೇಟುಗಳ ಮೇಲಂಚಿನವರೆಗೆ ಇದೆ. ತುದಿಯ ಒಂದು ಸೆಲ್‌ನಲ್ಲಿ ಮಾತ್ರ ಪ್ಲೇಟುಗಳೇ ಹೊರಗೆ ಕಾಣುತ್ತಿವೆ. ಇರುವುದನ್ನೆಲ್ಲ ಚೆಲ್ಲಿ ಹೊಸ ಆಸಿಡ್ ತುಂಬಿಸಿದರೆ ಬ್ಯಾಟರಿ ಮೊದಲಿನಂತಾಗುತ್ತದೆ ಎಂದು ಪರಿಚಯದ ಮೆಕ್ಯಾನಿಕ್ ಒಬ್ಬರು ಹೇಳಿದರು. ಇದು ಸರಿಯೇ? ನೀರೇ ಸಾಕೆಂದಾದರೆ, ನಮ್ಮ ಬೋರ್‌ವೆಲ್ ನೀರನ್ನೋ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೋ ಹಾಕಬಹುದೇ? ಚಾರ್ಜಿಗೆ ಹಾಕುವ ಮುಂಚೆ ತುಂಬಬೇಕೋ, ಆಮೇಲೋ? ದಯವಿಟ್ಟು ತಿಳಿದವರು ತಿಳಿಸಿಕೊಡಿ.

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ):

ಆಸಿಡ್ ಹಾಕಿಸಬೇಡಿ ಸ್ವಾಮಿ. ಒಲೆಯ ಮೇಲೆ ಸಾರು ಬತ್ತಿದಾಗ ನೀರು ಹೋಗಿ ಉಪ್ಪು ಉಳಿಯುವಂತೆ, ಬ್ಯಾಟರಿಯಲ್ಲಿಯೂ ಹೋಗುವುದು ನೀರು, ಆಸಿಡ್ ಒಳಗೇ ಉಳಿದಿರುತ್ತದೆ. ಅದರ ಮೇಲೆ ಮತ್ತೆ ಆಸಿಡ್ ಸುರಿದರೆ ಗ್ರಾವಿಟಿ (ನೀರಿಗೆ ಹೋಲಿಸಿದರೆ ದ್ರವ ಎಷ್ಟು ಗಟ್ಟಿ ಎಂಬ ಅಳತೆ) ವಿಪರೀತ ಏರಿ, ಒಂದಷ್ಟು ದಿನ ಸೆಲ್ಫ್ ಚೆನ್ನಾಗಿ ಹೊಡೆದಂತೆ ಕಂಡರೂ, ಪ್ಲೇಟುಗಳು ಬೇಗ ತಿಂದುಹೋಗುತ್ತವೆ. ಇರುವುದನ್ನು ಚೆಲ್ಲಿ ಹೊಸದು ತುಂಬುವುದೂ ಅಷ್ಟೇ ತಪ್ಪು, ಏಕೆಂದರೆ ಡಿಸ್ಚಾರ್ಜ್ ಆದ ಬ್ಯಾಟರಿಯ ಆಸಿಡ್‌ನಲ್ಲಿ ಒಂದು ಭಾಗ ಸಲ್ಫೇಟ್ ರೂಪದಲ್ಲಿ ಪ್ಲೇಟುಗಳೊಳಗೇ ಸೇರಿಕೊಂಡಿರುತ್ತದೆ. ಚಾರ್ಜ್ ಮಾಡಿದಾಗ ಅದೂ ಹೊರಬಂದು ಹೊಸ ಆಸಿಡ್‌ಗೆ ಕೂಡುತ್ತದೆ.

ಮೊದಲು ಬ್ಯಾಟರಿಯನ್ನು ಗಾಡಿಯಿಂದ ಬಿಚ್ಚಿ ಗಾಳಿಯಾಡುವ ಕಡೆ ಇಡಿ. ಬಿಚ್ಚುವಾಗ ನೆಗೆಟಿವ್ ಕೇಬಲ್ ಮೊದಲು, ಮತ್ತೆ ಕೂರಿಸುವಾಗ ಅದೇ ಕೊನೆಗೆ. ನೆಗೆಟಿವ್ ಬಾಡಿಗೆ ಸೇರಿರುವಾಗಲೇ ಪಾಸಿಟಿವ್ ನಟ್ ಬಿಚ್ಚುತ್ತಿದ್ದು, ಸ್ಪ್ಯಾನರ್ ಎಲ್ಲಾದರೂ ಬಾನೆಟ್ಟಿಗೆ ತಾಗಿದರೆ ನೇರ ಶಾರ್ಟ್ ಆಗಿ ಸ್ಪ್ಯಾನರೇ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಉಂಗುರ, ಲೋಹದ ಬಳೆ, ವಾಚ್ ಇದ್ದರೆ ತೆಗೆದಿಡಿ. ಮುಚ್ಚಳ ಬಿಚ್ಚುವ ಮುನ್ನ ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಹೊಲದ ಮಣ್ಣೆಲ್ಲ ಸೆಲ್‌ನೊಳಗೆ ಬೀಳುತ್ತದೆ.

ಪ್ಲೇಟು ಹೊರಗೆ ಕಂಡಿರುವುದರಿಂದ, ಚಾರ್ಜಿಗೆ ಹಾಕುವ ಮುಂಚೆ ಪ್ಲೇಟುಗಳು ಮುಳುಗುವಷ್ಟು ಮಾತ್ರ ಅಂಗಡಿಯ ಬ್ಯಾಟರಿ ನೀರನ್ನು (ಬಟ್ಟಿ ಇಳಿಸಿದ ನೀರು) ಪ್ಲಾಸ್ಟಿಕ್ ಲಾಳಿಕೆಯಿಂದ ಬಿಡಿ. ಚಾರ್ಜ್ ಆಗುವಾಗ ಮಟ್ಟ ತಾನೇ ಸ್ವಲ್ಪ ಏರುತ್ತದೆ. ಮೊದಲೇ ಗುರುತಿನವರೆಗೆ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಚೆಲ್ಲುತ್ತದೆ, ಮತ್ತು ಹಾಗೆ ಚೆಲ್ಲುವುದು ಬರೀ ನೀರಲ್ಲ, ಆಸಿಡ್ಡೂ ಹೌದು. ಪೂರ್ತಿ ಚಾರ್ಜ್ ಆಗಿ ತಣ್ಣಗಾದ ಮೇಲೆ ಮೇಲಿನ ಗುರುತಿನವರೆಗೆ ತುಂಬಿ. ಗುರುತಿಲ್ಲದಿದ್ದರೆ ಪ್ಲೇಟುಗಳ ಮೇಲೆ 10ರಿಂದ 15 ಮಿಲಿಮೀಟರ್ ಇದ್ದರೆ ಸಾಕು. ಚಾರ್ಜಿಂಗ್ ಕರೆಂಟು ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗವನ್ನು ಮೀರದಿರಲಿ, ಅಂದರೆ 75 ಆಂಪಿಯರ್-ಅವರ್ ಬ್ಯಾಟರಿಗೆ ಏಳು ಆಂಪಿಯರ್ ಆಸುಪಾಸು. ಬೆಳಿಗ್ಗೆ ಹಾಕಿ ಮಧ್ಯಾಹ್ನಕ್ಕೆ ಕೊಡುವ ಅವಸರದ ಚಾರ್ಜು ಇಂಥ ಬತ್ತಿದ ಬ್ಯಾಟರಿಗೆ ಒಳ್ಳೆಯದಲ್ಲ.

ಉತ್ತರ (ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು):

ಮೇಲಿನವರ ಮಾತಿಗೆ ಕಾರಣ ಸೇರಿಸುತ್ತೇನೆ. ಚಾರ್ಜ್ ತುಂಬಿದ ಮೇಲೂ ಕರೆಂಟು ಹರಿಯುತ್ತಿದ್ದರೆ ಅದು ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಹಾಗೆ ಹೆಚ್ಚಾಗಿ ಹರಿದ ಪ್ರತಿ ಆಂಪಿಯರ್-ಅವರ್‌ಗೆ ಒಂದೊಂದು ಸೆಲ್‌ನಲ್ಲಿಯೂ ಸುಮಾರು 0.34 ಗ್ರಾಂ ನೀರು ಹೋಗುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4ರಷ್ಟು ಸೇರಿದರೂ ಒಂದು ಕಿಡಿಗೆ ಸ್ಫೋಟಿಸಬಹುದಾದ್ದರಿಂದ, ಸೆಲ್‌ನೊಳಗೆ ನೀರೆಷ್ಟಿದೆ ಎಂದು ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಬೇಕು. ತಾವು ಟಾರ್ಚ್ ಬಳಸಿದ್ದು ಸರಿಯಾಯಿತು. ಚಾರ್ಜರಿನ ಕ್ಲಿಪ್ಪುಗಳನ್ನೂ ಸ್ವಿಚ್ ಆರಿಸಿದ ಮೇಲೆಯೇ ತೆಗೆಯಬೇಕು.

ಬೋರ್‌ವೆಲ್ ನೀರು ಬೇಡವೇ ಬೇಡ. ಅದರಲ್ಲಿನ ಕ್ಲೋರೈಡ್ ಪ್ಲೇಟುಗಳನ್ನು ಕೊರೆಯುತ್ತದೆ, ಕಬ್ಬಿಣದ ಅಂಶವು ಬ್ಯಾಟರಿ ಸುಮ್ಮನೆ ನಿಂತಿದ್ದರೂ ಅದನ್ನು ಒಳಗೊಳಗೇ ಖಾಲಿ ಮಾಡುತ್ತದೆ. ಆರ್‌ಒ ನೀರು ಕುಡಿಯಲು ಚೆನ್ನ, ಆದರೆ ಅದರಲ್ಲಿಯೂ ಕರಗಿದ ಲವಣಗಳು ಅಷ್ಟಿಷ್ಟು ಉಳಿದಿರುತ್ತವೆ, ಮತ್ತು ಪ್ರತಿ ಸಲ ನೀರು ಆರಿದಂತೆ ಅವು ಸೆಲ್‌ನೊಳಗೆ ಸಂಗ್ರಹವಾಗುತ್ತಾ ಹೋಗುತ್ತವೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಹಾಕುವವರೂ ಇದ್ದಾರೆ. ಅದು ಆವಿಯಿಂದಲೇ ಆದದ್ದಾದರೂ ಧೂಳನ್ನೂ ತಾಮ್ರದ ಕೊಳವೆಯನ್ನೂ ಸವರಿ ಬಂದಿರುತ್ತದೆ. ಬಟ್ಟಿ ಇಳಿಸಿದ ಅಥವಾ ಲವಣ ತೆಗೆದ ನೀರಿನ ಕ್ಯಾನು ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ತನ್ನಿ.

ಸೆಲ್‌ನೊಳಗಿನ ದ್ರವದ ತೂಕದಲ್ಲಿ, ಪೂರ್ಣ ಚಾರ್ಜ್ ಇದ್ದಾಗ, ಸುಮಾರು ಮೂರನೇ ಒಂದು ಭಾಗ ಗಂಧಕಾಮ್ಲವೇ ಇರುತ್ತದೆ. ಹತ್ತಿಬಟ್ಟೆಗೆ ಒಂದು ಹನಿ ಸಿಡಿದರೆ ಆಗ ಏನೂ ಕಾಣುವುದಿಲ್ಲ, ಒಗೆದ ಮೇಲೆ ಅಲ್ಲಿ ತೂತು ಬಿದ್ದಿರುತ್ತದೆ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹಾಯಿಸುತ್ತಲೇ ಇದ್ದು, ಆಮೇಲೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕಣ್ಣಿಗೆ ಸೋಡಾ ಹಾಕಬಾರದು. ಅಡುಗೆ ಸೋಡಾ ಬೇಕಾಗುವುದು ನೆಲದ ಮೇಲೆ, ಟ್ರೇಯಲ್ಲಿ ಚೆಲ್ಲಿದ್ದಕ್ಕೆ. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಪ್ರಶ್ನೆ ಕೇಳಿದವರು:

ತಮ್ಮಿಬ್ಬರಿಗೂ ಧನ್ಯವಾದಗಳು. ಹೇಳಿದಂತೆ ಚಾರ್ಜ್ ಮಾಡಿಸಿ, ತಣ್ಣಗಾದ ಮೇಲೆ ಗುರುತಿನವರೆಗೆ ನೀರು ತುಂಬಿ, ಮತ್ತೆ ಸ್ವಲ್ಪ ಹೊತ್ತು ಚಾರ್ಜಿಗಿಟ್ಟು, ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದೆವು (ಬರೀ ನೀರಿಗೆ 1000 ಎಂಬ ಲೆಕ್ಕ). ಐದು ಸೆಲ್‌ಗಳು 1230ರಿಂದ 1240 ತೋರಿಸುತ್ತಿವೆ, ತುದಿಯದು 1150 ದಾಟುತ್ತಿಲ್ಲ. ಚಾರ್ಜಿನಲ್ಲಿದ್ದಾಗ ಆರರಲ್ಲಿಯೂ ಗುಳ್ಳೆ ಏಳುತ್ತಿತ್ತು. ಈಗ ಆ ಒಂದು ಸೆಲ್‌ಗೆ ಮಾತ್ರವಾದರೂ ಆಸಿಡ್ ಹಾಕಬಹುದೇ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ):

ಅವಸರ ಬೇಡ. ಸೆಲ್‌ಗಳ ನಡುವೆ 50 ಪಾಯಿಂಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ಸೆಲ್‌ನಲ್ಲಿ ಏನೋ ತೊಂದರೆ ಇದೆ ಎಂದೇ ಅರ್ಥ, ಮತ್ತು ತಾವು ಕೊಟ್ಟ ವಿವರದಿಂದಲೇ ಅದು ಯಾವುದೆಂದು ಬಹುಮಟ್ಟಿಗೆ ಊಹಿಸಬಹುದು. ಒಳಗೆ ಶಾರ್ಟ್ ಆದ ಸೆಲ್‌ನಲ್ಲಿ ಗುಳ್ಳೆ ಏಳುವುದು ಕಡಿಮೆ, ಆದ್ದರಿಂದ ನೀರೂ ಬೇಗ ಇಳಿಯುವುದಿಲ್ಲ. ಉಳಿದ ಐದರಲ್ಲೇ ಹೆಚ್ಚು ಇಳಿಯುತ್ತದೆ. ತಮ್ಮದು ಅದಕ್ಕೆ ತಿರುವುಮುರುವು. ಗುಳ್ಳೆ ಎದ್ದು, ಮಟ್ಟ ಅದೊಂದರಲ್ಲೇ ಇಳಿದು, ಗ್ರಾವಿಟಿಯೂ ಕಡಿಮೆ ಇದೆ ಎಂದರೆ ಡಬ್ಬಿಯ ಬುಡವೋ ಮೂಲೆಯೋ ಬಿರುಕು ಬಿಟ್ಟು ಅಲ್ಲಿಂದ ಆಸಿಡ್ ಸಮೇತ ಸೋರುತ್ತಿರಬೇಕು, ಸೋರಿದ್ದಕ್ಕೆ ಪ್ರತಿ ಸಲ ಬರೀ ನೀರು ತುಂಬಿದ್ದರಿಂದ ಉಳಿದದ್ದು ತೆಳುವಾಗಿರಬೇಕು.

ಬ್ಯಾಟರಿಯ ಹೊರಮೈಯನ್ನು ಸೋಡಾ ನೀರಿನಿಂದ ತೊಳೆದು, ಸೋಡಾ ನೀರು ಸೆಲ್‌ಗಳೊಳಗೆ ಹೋಗದಂತೆ ಮುಚ್ಚಳಗಳನ್ನು ಬಿಗಿಯಾಗಿ ಹಾಕಿಟ್ಟುಕೊಂಡು, ಚೆನ್ನಾಗಿ ಒಣಗಿಸಿ, ಒಂದು ರಾತ್ರಿ ಹಳೆಯ ಪತ್ರಿಕೆಯ ಮೇಲೆ ಇಟ್ಟು ನೋಡಿ. ಆ ತುದಿಯಲ್ಲಿ ಕಾಗದ ಒದ್ದೆಯಾದರೆ ಬಿರುಕು ಖಚಿತ. ಹೊಲದಲ್ಲಿ ಕುಲುಕಾಡುವ ಟ್ರ್ಯಾಕ್ಟರಿನಲ್ಲಿ ಕ್ಲಾಂಪ್ ಸಡಿಲವಿದ್ದರೂ ಡಬ್ಬಿ ಬಿರಿಯುತ್ತದೆ, ಅತಿಯಾಗಿ ಬಿಗಿದರೂ ಬಿರಿಯುತ್ತದೆ. ಬಿರುಕು ಬಿಟ್ಟದ್ದನ್ನು ಅಂಟು ಹಾಕಿ ಓಡಿಸುವುದಕ್ಕೆ ನಾನು ಸಲಹೆ ಕೊಡುವುದಿಲ್ಲ, ಬ್ಯಾಟರಿ ಬದಲಿಸಿ. ಕಾಗದ ಒಣಗಿಯೇ ಇದ್ದರೆ, ಹಿಂದೆಂದೋ ಬ್ಯಾಟರಿ ವಾಲಿ ಆ ಸೆಲ್‌ನಿಂದ ಚೆಲ್ಲಿರಬಹುದು. ಆಗ ಮಾತ್ರ ಗ್ರಾವಿಟಿ ಸರಿಪಡಿಸುವ ಮಾತು ಬರುತ್ತದೆ, ಅದನ್ನು ಬ್ಯಾಟರಿ ಸರ್ವಿಸ್ ಅಂಗಡಿಯಲ್ಲೇ ಮಾಡಿಸಿ.

ಹೊಸದನ್ನು ಕೂರಿಸುವ ಮುಂಚೆ ಟ್ರೇಯ ತುಕ್ಕು ಕೆರೆದು ಬಣ್ಣ ಹೊಡೆಸಿ. ಕೂರಿಸಿದ ಮೇಲೆ ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಎಂಜಿನ್ ಓಡುತ್ತಿರುವಾಗ ವೋಲ್ಟೇಜ್ 13.8ರಿಂದ 14.4ರ ನಡುವೆ ಇದೆಯೇ ನೋಡಿಸಿ. ಹಳೆಯದನ್ನು ಒಡೆದು ಸೀಸ ತೆಗೆಯುವ ಗುಜರಿಯವರಿಗೆ ಕೊಡದೆ ಬ್ಯಾಟರಿ ಅಂಗಡಿಗೇ ಹಿಂತಿರುಗಿಸಿ. ಸಾಮಾನ್ಯವಾಗಿ ಹೊಸದರ ಬೆಲೆಯಲ್ಲಿ ಅದಕ್ಕಿಷ್ಟು ಎಂದು ಕಳೆಯುತ್ತಾರೆ.